ಸಹಿಗೆ ಒಂದು ಸೀರೆ

ಕಳೆದ ಸೋಮವಾರ ಬಸವಕಲ್ಯಾಣದ ಪೇಟೆಯಲ್ಲಿ ಒಂದು ಇಳಕಲ್ ಸೀರೆ ಕೊಂಡೆ. ಹಸಿರು ಒಡಲು, ಕೆಂಪು ಸೆರಗು. ಹೆಂಡತಿಗಲ್ಲ. (ಅವಳಿಗೆ ತೋರಿಸದೆ ಕೊಂಡದ್ದೇ ಮೊದಲ ತಪ್ಪು.)

ಸೀರೆ ಸುವರ್ಣಾಳಿಗೆ. ಹುಮನಾಬಾದಿನಲ್ಲಿ ಕಾಳುಕಡಿ ದಲ್ಲಾಳಿಯ ಅಡತ್ ಅಂಗಡಿ ಇಟ್ಟಿದ್ದ ನನ್ನ ಬಾಲ್ಯದ ಗೆಳೆಯ ರೇವಣಪ್ಪನ ಮಗಳು ಆಕೆ. ರೇವಣಪ್ಪ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಹೋಗುವ ಮೊದಲು ವಿಲ್ ಬರೆಸಿದ್ದ. ಅಂಗಡಿ, ದೊಡ್ಡ ಮನೆ ಮಗ ಶಿವರಾಜನಿಗೆ. ಮಾಣಿಕನಗರದ ರಸ್ತೆಬದಿಯ ಎರಡು ಕೋಣೆಯ ಮನೆ ಮಗಳಿಗೆ. ಅದರಂತೆ ನಡೆಸಿಕೊಡುವ ಹೊಣೆಗೆ ನನ್ನ ಹೆಸರು ಬರೆಸಿ, ಆ ಮನೆಯ ಕೀಲಿಯನ್ನೂ ನನ್ನ ಕೈಗಿಟ್ಟಿದ್ದ. ವಕೀಲರ ಭಾಷೆಯಲ್ಲಿ ನಾನು ಎಕ್ಸಿಕ್ಯೂಟರ್. ಸಂಬಳವಿಲ್ಲ, ಬೈಗುಳ ಧಾರಾಳ.

ಶಿವರಾಜನಿಗೆ ಅಂಗಡಿ ಕೂಡಲೇ ಸಿಕ್ಕಿತು. ಸುವರ್ಣಾಳಿಗೆ ಕೀಲಿ ಸಿಗಲಿಲ್ಲ. ವರ್ಷದ ಕಾರ್ಯ ಮುಗಿಯಲಿ ಎಂದ ಅವನು. ಆಗಲಿ ಎಂದೆ ನಾನು. (ಅಂಗಡಿಗೇಕೆ ವರ್ಷ ಕಾಯಲಿಲ್ಲಪ್ಪ ಎಂದು ಕೇಳಲು ಬಾಯಿ ಬರಲಿಲ್ಲ.)

ಅವಳು ಮಾಣಿಕನಗರದಲ್ಲೇ ಬಾಡಿಗೆ ಮಳಿಗೆಯಲ್ಲಿ ಎರಡು ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಮಾಲೀಕ ಈ ತಿಂಗಳ ಕೊನೆಗೆ ಖಾಲಿ ಮಾಡು ಎಂದಿದ್ದಾನೆ. ಕೀಲಿ ಕೇಳಿ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಕೊನೆಕೊನೆಗೆ ನಾನು ಎತ್ತುವುದನ್ನೇ ಬಿಟ್ಟೆ.

ಅಷ್ಟರಲ್ಲಿ ಶಿವರಾಜ ಒಂದು ದಾರಿ ಹುಡುಕಿದ. ನಮ್ಮ ಕಡೆಯ ಹಳೆಯ ದಾರಿಯೇ. ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. ತವರಿನವರು ಸೀರೆ ಕೊಟ್ಟು, ಉಡಿ ತುಂಬಿ ಕಳಿಸುತ್ತಾರೆ. ಕೋರ್ಟಿಲ್ಲ, ಕಿತ್ತಾಟವಿಲ್ಲ, ಎಲ್ಲರಿಗೂ ಹೋಳಿಗೆ ಊಟ. ಅಂಥ ಊಟ ನಾನೂ ಉಂಡಿದ್ದೇನೆ. ನೀವು ಉಂಡಿಲ್ಲವೇ? ಹಿರಿಯರ ಕಡೆಯ ಸೀರೆ ನೀವೇ ತರಬೇಕು ಎಂದ ಶಿವರಾಜ. ಜಗಳ ಬಗೆಹರಿದರೆ ಸಾಕೆಂದು ಒಪ್ಪಿದೆ.

ಸೀರೆ ಕೊಂಡ ಮರುದಿನ ಶಿವರಾಜನ ಅಂಗಡಿಗೆ ಹೋದೆ. ಷಟರ್ ಅರ್ಧ ಇಳಿಸಿದ್ದರು. ಗಾದಿಯ ಮೇಲೆ ಸ್ಟಾಂಪ್ ಪೇಪರ್. ಪಕ್ಕದ ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಕುಪ್ಪಸದ ಕಣ. ಅದರ ಮೇಲೆ ನಾನು ಸೀರೆ ಇಟ್ಟೆ. ಶಿವರಾಜನ ಹೆಂಡತಿ ಕುಂಕುಮ ಹಿಡಿದು ನಿಂತಳು. ಸುವರ್ಣಾ ಪತ್ರವನ್ನು ಎರಡು ಸಲ ಓದಿದಳು. ಸೆರಗು ಒಡ್ಡಲಿಲ್ಲ.

“ಸಹಿ ಮಾಡ್ಲಿಲ್ಲಂದ್ರ ತವರಮನಿ ಬಾಗಲಾ ಮರ್ತ ಬಿಡು,” ಅಂದ ಶಿವರಾಜ. ದನಿ ಏರಿಸಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ.

ಅವಳು ಅಣ್ಣನತ್ತ ನೋಡಲೇ ಇಲ್ಲ. ನನ್ನನ್ನು ನೋಡಿದಳು.

“ಕಾಕಾ, ನನಗ ಕೀಲಿ ಕೊಡ್ರಿ ಅಂತ ಅಪ್ಪ ಬರ್ದಾರ. ಸೀರಿ ತರ್ರಿ ಅಂತ ಎಲ್ಲಿ ಬರ್ದಾರ್ರಿ?”

ಕೀಲಿ ನನ್ನ ಜೇಬಿನಲ್ಲೇ ಇತ್ತು. ಸಹಿಯಾದ ಮೇಲೆ ಶಿವರಾಜನಿಗೆ ಕೊಡೋಣವೆಂದು ತಂದಿದ್ದೆ. (ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆಯುತ್ತೇನೆ.) ತೆಗೆದು ಅವಳ ಕೈಗಿಟ್ಟೆ.

ಶಿವರಾಜ ಎದ್ದು ನಿಂತ. ಸೀರೆ ಎತ್ತಿ ನನ್ನ ಮುಂದಿಟ್ಟು, ತಾಟು ಒಳಗೆ ಒಯ್ಯಲು ಹೆಂಡತಿಗೆ ಹೇಳಿ, ವಕೀಲರ ನೋಟಿಸ್ ನಿಮ್ಮ ಹೆಸರಿಗೇ ಬರುತ್ತದೆ ಎಂದ. ಬರಲಿ. ಸುವರ್ಣಾ ಷಟರಿನಡಿ ಬಗ್ಗಿ ಹೊರಗೆ ಹೋದಳು. ಅಳುತ್ತಿದ್ದಳು. ಮನೆ ಸಿಕ್ಕಿತು, ತವರು ಹೋಯಿತು. ಮೊದಲ ತಿಂಗಳೇ ನಾನು ಕೀಲಿ ಕೊಟ್ಟಿದ್ದರೆ ಆ ತಾಟು ಅವಳ ಮುಂದೆ ಬರುತ್ತಲೇ ಇರಲಿಲ್ಲ.

ಸೀರೆ ನನ್ನ ಜೊತೆಯೇ ಬಸ್ಸಿನಲ್ಲಿ ವಾಪಸು ಬಂತು. ಅಪ್ಪ ಕಟ್ಟಿಸಿದ ನಮ್ಮ ಮನೆಯ ಈ ಓದುವ ಕೋಣೆಯಲ್ಲಿ, ಮೇಜಿನ ಮೇಲಿಟ್ಟು, ಹೆಂಡತಿಗೆ ನಡೆದದ್ದೆಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೀರೆಯ ಅಂಚು ಸವರುತ್ತ ಕೂತಳು.

“ನಿಮ್ಮ ಅಕ್ಕಗೂ ಇಂಥಾದೇ ತಂದಿದ್ರಿ. ಉಡಿ ತುಂಬಿದಾಕಿ ನಾನೇ.”

ಹೌದು. ಅಪ್ಪ ತೀರಿದ ವರ್ಷ. ಅಕ್ಕ ಏನೂ ಕೇಳಲಿಲ್ಲ. ಸಹಿ ಮಾಡಿದಳು, ಹೋಳಿಗೆ ಉಂಡಳು, ಬಸ್ ಹತ್ತಿದಳು.

ಈಗ ನೀವೇ ಹೇಳಿ, ನಾನು ಕೂತು ಇದನ್ನು ಬರೆಯುತ್ತಿರುವ ಈ ಕೋಣೆ ಯಾರದು?