ಸೋಮವಾರ ಹೂಡದ ಗಾಣ

ವ್ಯಾಪಾರ ಶುರು ಮಾಡಬೇಕೆಂದಿರುವವರಿಗೆ ನನ್ನದೊಂದು ಬುದ್ಧಿಮಾತು: ಹೆತ್ತ ತಾಯಿಯನ್ನು ಪಾಲುದಾರಳನ್ನಾಗಿ ಮಾಡಿಕೊಳ್ಳಬೇಡಿ. ಬೇರೆ ಪಾಲುದಾರನಾದರೆ ಲೆಕ್ಕ ಕೇಳುತ್ತಾನೆ, ಜಗಳ ತೆಗೆಯುತ್ತಾನೆ, ಕೊನೆಗೆ ಬಿಟ್ಟುಹೋಗುತ್ತಾನೆ. ತಾಯಿ ಲೆಕ್ಕವನ್ನೂ ಕೇಳುವುದಿಲ್ಲ, ಬಿಟ್ಟೂ ಹೋಗುವುದಿಲ್ಲ.

ಬಾಗೇವಾಡಿಯ ಹೊರಗೆ, ರಸ್ತೆಗೆ ಹತ್ತಿದ ಹೊಲದ ಅಂಚಿನಲ್ಲಿ ನಾನು ಕಟ್ಟಿಗೆಯ ಎಣ್ಣೆಗಾಣ ಹಾಕಿದಾಗ ನನ್ನದು ಅಂತ ಇದ್ದದ್ದು ತಗಡಿನ ಶೆಡ್ಡು ಮತ್ತು ಈ ನಾಲಿಗೆ. ಎತ್ತುಗಳೆರಡೂ ಅವ್ವನವು. ಇಂಡಿ, ಸಿಂದಗಿಯ ಸಂತೆಗಳಲ್ಲಿ ವರ್ಷಗಟ್ಟಲೆ ಶೇಂಗಾ, ಕುಸುಬೆ ಕೊಂಡು ಮಾರಿದವನು ನಾನು. ಎತ್ತು ತಿರುಗಿ ತೆಗೆದ ಎಣ್ಣೆಗೆ ಜನ ಚೌಕಾಸಿ ಮಾಡದೆ ದುಡ್ಡು ಕೊಡುತ್ತಾರೆಂದು ನೋಡಿಯೇ ಇದಕ್ಕೆ ಇಳಿದಿದ್ದೆ. ಡಬ್ಬಿಯ ಮೇಲೆ ದೊಡ್ಡದಾಗಿ ಎತ್ತಿನ ಚಿತ್ರವನ್ನೂ ಹಾಕಿಸಿದೆ.

ಮೊದಲ ದೊಡ್ಡ ಆರ್ಡರ್ ಬಂದದ್ದು ಮುದ್ದೇಬಿಹಾಳದ ಒಂದು ಮದುವೆ ಮನೆಯಿಂದ. ಮಂಗಳವಾರ ಮುಂಜಾನೆ ಅಡುಗೆಯವರು ಬಾಣಲೆ ಇಡುವ ಹೊತ್ತಿಗೆ ಕುಸುಬೆ ಎಣ್ಣೆ ಅಲ್ಲಿರಬೇಕು. ಆ ಊಟಕ್ಕೆ ಸುತ್ತಲಿನ ಅಂಗಡಿಕಾರರೆಲ್ಲ ಬರುವವರಿದ್ದರು. ಅಲ್ಲಿ ಹೆಸರಾದರೆ ತಾಳಿಕೋಟೆಯವರೆಗೂ ನನ್ನ ಡಬ್ಬಿ ಹೋಗುತ್ತಿತ್ತು. ಆದರೆ ಹೊರ್ತಿಯಿಂದ ಬರಬೇಕಿದ್ದ ಕುಸುಬೆ ಬಂದು ಮುಟ್ಟಿದ್ದು ರವಿವಾರ ಸಂಜೆ. ಮೊದಲೇ ಇದ್ದ ಬೀಜದಿಂದ ಅರ್ಧ ಎಣ್ಣೆ ತಯಾರಿತ್ತು. ಇನ್ನರ್ಧವನ್ನು ಸೋಮವಾರವೇ ತೆಗೆಯಬೇಕು.

ಬೆಳಗ್ಗೆ ಕೊಟ್ಟಿಗೆಗೆ ಹೋದರೆ ಅವ್ವ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹಗ್ಗ ಹಿಡಿದು ನಿಂತಿದ್ದಳು.

"ಇವತ್ತ ಸ್ವಾಮಾರ. ಬಸವಣ್ಣನ ದಿನ. ಎತ್ತ ಹೂಡಂಗಿಲ್ಲ."

ಹೊಲದ ಕೆಲಸಕ್ಕೆ ಆ ನೇಮ ಇರುವುದು ನನಗೂ ಗೊತ್ತು. ಗಾಣಕ್ಕೂ ಉಂಟೆಂದು ಯಾರು ಹೇಳಿದರು? ಅಲ್ಲಿಯತನಕ ಸೋಮವಾರ ನಾನು ಬೀಜ ಕೊಳ್ಳಲು ತಿರುಗುತ್ತಿದ್ದುದರಿಂದ ಆ ಮಾತೇ ಬಂದಿರಲಿಲ್ಲ.

"ಗಾಣ ಹೊಲ ಅಲ್ಲ ಬೇ, ನೆರಳಾಗ ತಿರುಗೂದು."

"ಹೆಗಲ ಮ್ಯಾಲಿನ ನೊಗಕ್ಕ ನೆರಳ ಯಾವುದು, ಬಿಸಲ ಯಾವುದು?"

"ಹಂಗಾರ ಇವತ್ತಿನ ರಜಾ ನಾಳೆ ಕೊಡೂಣು. ಬೇಕಾದ್ರ ನಾಡದನೂ ಕೊಡೂಣು."

"ಬಸವಣ್ಣ ಏನ್ ನಿನ್ನ ಗಿರಾಕಿ ಏನೋ, ವಾರ ಬದಲಿ ಮಾಡಾಕ?"

ಎಂಥೆಂಥ ದಲಾಲರನ್ನು ಬಗ್ಗಿಸಿದವನು ನಾನು. ಇವಳ ಮುಂದೆ ಒಂದು ಮಾತೂ ನಡೆಯಲಿಲ್ಲ. ಅರ್ಧಕ್ಕೆ ಮಿಲ್ಲಿನ ಎಣ್ಣೆ ತುಂಬಿ ಕಳಿಸುತ್ತೇನೆ, ಕರಿದ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂದೆ.

"ಕಳಿಸು. ಆದ್ರ ಡಬ್ಬಿ ಮ್ಯಾಲಿನ ಎತ್ತಿನ ಚಿತ್ರ ಕೆರದ ತಗಿ, ಮೋಟರ್ ಚಿತ್ರ ಹಚ್ಚು."

ಹೆಂಡತಿಯ ಕಡೆ ನೋಡಿದೆ. "ಅತ್ತಿ ಹೇಳೂದು ಖರೇ ಐತ್ರಿ" ಎಂದು ಆಕೆ ಒಳಗೆ ಹೋದಳು. ಅಲ್ಲಿಗೆ ಮನೆಯಲ್ಲಿ ನನ್ನ ಕಡೆಯವರು ಯಾರೂ ಉಳಿಯಲಿಲ್ಲ.

ಸಿಟ್ಟಿಗೆದ್ದು ಹೋಗಿ ಗಾಣದ ನೊಗಕ್ಕೆ ನಾನೇ ಹೆಗಲು ಕೊಟ್ಟೆ. ಗಾಣ ಕಿರ್ರೆಂದಿತು, ಸ್ವಲ್ಪ ಸರಿಯಿತು, ನಿಂತಿತು. ಅವ್ವ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು.

"ಎತ್ತಿಗೆ ಹಿಂಡಿ ಹಾಕ್ತೇವಿ. ನಿನಗೇನ ಹಾಕೂಣಪಾ?"

ಬೆವರು ಒರೆಸಿಕೊಂಡು ಮದುವೆಯ ಯಜಮಾನರಿಗೆ ಫೋನ್ ಹಚ್ಚಿದೆ. ಗಾಣ ಕೆಟ್ಟಿದೆ ಎಂಬ ಸುಳ್ಳು ತುದಿನಾಲಿಗೆಯ ಮೇಲಿತ್ತು. ಅವ್ವ ಅಲ್ಲೇ ಕೂತಿದ್ದಳಲ್ಲ, ಇದ್ದದ್ದನ್ನೇ ಹೇಳಿದೆ.

"ಏನ್ರಿ ಸಾವ್ಕಾರ್ರ, ಎಣ್ಣಿ ಕೇಳಿದ್ರ ವಾರ ಹೇಳಾಕತ್ತೀರಿ!" ಎಂದು ಅವರು ಒದರಿದರು. ಆಮೇಲೆ ದನಿ ಇಳಿಸಿದರು. "ನಮ್ಮ ಮನ್ಯಾಗೂ ಸ್ವಾಮಾರ ಎತ್ತ ಹೂಡಂಗಿಲ್ಲ. ಆದ್ರ ಆ ಮಾತ ಆರ್ಡರ್ ಹಿಡಿಯೂಮುಂದ ಹೇಳಬೇಕಿತ್ತಿಲ್ಲೋ? ತಯಾರಿದ್ದಷ್ಟ ಕಳಸ್ರಿ. ಉಳದದ್ದು ಪ್ಯಾಟ್ಯಾಗ ತಗೋತೇನಿ."

ಅರ್ಧ ಆರ್ಡರ್ ಕೈತಪ್ಪಿತು. ತಾಳಿಕೋಟೆಯ ಅಂಗಡಿಕಾರರು ಉಂಡ ಭಜಿಯಲ್ಲಿ ನನ್ನ ಎಣ್ಣೆ ಎಷ್ಟು, ಪೇಟೆಯದೆಷ್ಟು, ಆ ಬಸವಣ್ಣನೇ ಬಲ್ಲ. ಅಲ್ಲಿಂದ ಇಲ್ಲಿಯತನಕ ಅವರ ಪೈಕಿ ಒಬ್ಬರೂ ಫೋನ್ ಮಾಡಿಲ್ಲ.

ಆದ್ದರಿಂದ ಎರಡನೆಯ ಬುದ್ಧಿಮಾತು: ನಿಮ್ಮ ನೇಮ ಏನಿದೆಯೋ ಅದನ್ನು ಮುಂಗಡ ಇಸಿದುಕೊಳ್ಳುವ ಮೊದಲೇ ಹೇಳಿಬಿಡಿ. ನಾನೀಗ ಶೆಡ್ಡಿನ ಮೇಲೆ 'ಸೋಮವಾರ ಎತ್ತುಗಳಿಗೆ ರಜೆ' ಎಂದು ಬರೆಸಿದ್ದೇನೆ. ಅದರಿಂದ ಹೊಸ ಕಾಟ ಶುರುವಾಗಿದೆ. ಜನ ಬೇಕಂತಲೇ ಸೋಮವಾರ ಗಾಡಿ ನಿಲ್ಲಿಸುತ್ತಾರೆ, ಗಾಣ ನಿಜವಾಗಿ ನಿಂತಿದೆಯೇ ಎಂದು ಇಣುಕುತ್ತಾರೆ. ನಿಂತದ್ದು ಕಂಡರೆ ಒಂದು ಡಬ್ಬಿ ಕೊಡ್ರಿ ಎನ್ನುತ್ತಾರೆ. ಹೀಗಾಗಿ ಸೋಮವಾರ ಸಂಜೆಯತನಕ ನಾನು ಶೆಡ್ಡು ಬಿಟ್ಟು ಕದಲುವ ಹಾಗಿಲ್ಲ, ಬೀಜ ಕೊಳ್ಳಲು ಹೋಗುವುದೂ ತಪ್ಪಿದೆ.

"ನೋಡು, ರಜಾ ದಿನಾನ ವ್ಯಾಪಾರ ಆಗಾಕತ್ತೈತಿ" ಎಂದು ಅವ್ವ ಹೇಳಿ ಎತ್ತುಗಳಿಗೆ ಹಿಂಡಿ ಹಾಕಲು ಹೋಗುತ್ತಾಳೆ. ನನಗೆ ಚಹಾ ಬೇಕೇನೋ ಎಂದು ಸಹ ಕೇಳುವುದಿಲ್ಲ.