ಗಂಜಿ ಆರಿಸಿದ ಸಾಲು

ನಾನು ಓದು ನಿಲ್ಲಿಸಿದ್ದು ೧೯೭೦ರಲ್ಲಿ, ಏಳನೇ ಕ್ಲಾಸಿಗೆ. ಅಪ್ಪ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವಾಗ ಬಿದ್ದು ಸೊಂಟ ಮುರಿದುಕೊಂಡರು. ಅವ್ವ ಕೆಲಸಕ್ಕೆ ಹೋದಳು, ನಾನು ಅಪ್ಪನ ಮಂಚದ ಪಕ್ಕ ಉಳಿದೆ. ಐದು ವರ್ಷ ತೊಳೆದೆ, ಒರೆಸಿದೆ, ಮಗ್ಗುಲು ಬದಲಿಸಿದೆ. ಅವರು ತೀರಿಕೊಂಡ ಮೇಲೆ ಹತ್ತಿರದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಕಥೆ, ಕವನ ಎಷ್ಟೋ ಜೋಡಿಸಿದೆ. ರೋಗಿ ಸಾಯುವುದನ್ನು ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದರು. ಅವನ ಬಟ್ಟೆ ಒಗೆದವರ ಸುದ್ದಿಯೇ ಇರುತ್ತಿರಲಿಲ್ಲ. ಹಾಗಾಗಿ ೧೯೭೯ರಲ್ಲಿ ನಾನೇ ಒಂದು ಪತ್ರಿಕೆ ತೆಗೆದೆ. ಹದಿನಾರು ಪುಟ. ಆರೈಕೆ ಮಾಡುವವರೇ ಬರೆಯಬೇಕು.

ಅಂಥವರಿಗೆ ಬರೆಯಲು ಪುರುಸೊತ್ತೆಲ್ಲಿ? ಅದಕ್ಕೊಂದು ಪದ್ಧತಿ ಮಾಡಿಕೊಂಡೆ. ಭಾನುವಾರ ಸೈಕಲ್ ತುಳಿದು ಅವರ ಮನೆಗೆ ಹೋಗಿ ರೋಗಿಯ ಪಕ್ಕ ನಾನು ಕೂರುವುದು, ಅವರು ಅಡುಗೆಮನೆಯಲ್ಲಿ ಬರೆಯುವುದು. ಸಂಪಾದಕನ ಕೆಲಸ ಅಂದರೆ ನನಗೆ ಅದೇ.

ಅಮೃತಹಳ್ಳಿಯ ಒಬ್ಬ ಸೊಸೆ ಹಾಗೆ ನಾಲ್ಕು ಹಾಳೆ ಬರೆದರು. ಕಾಲಿನ ಸ್ವಾಧೀನ ತಪ್ಪಿದ್ದ ಅವರ ಅತ್ತೆಗೆ ಅಷ್ಟು ಹೊತ್ತೂ ನಾನು ಬೀಸಣಿಗೆ ಬೀಸಿದೆ, ಹಿಮ್ಮಡಿಯ ಹುಣ್ಣಿಗೆ ಮುಲಾಮು ಹಚ್ಚಿದೆ. ಮೂರನೇ ಹಾಳೆಯಲ್ಲಿ ಒಂದು ಸಾಲಿತ್ತು: “ಅತ್ತೆ ಇವತ್ತೇ ಹೋಗಿಬಿಡಲಿ ಅಂದುಕೊಳ್ಳುತ್ತಲೇ ಗಂಜಿ ಆರಿಸಿದೆ.”

ಜೋಡಿಸಿ, ಕರಡನ್ನು ಆಕೆಗೆ ಓದಲು ಕೊಟ್ಟೆ. ಮರುದಿನ ಅದನ್ನು ಹಿಡಿದುಕೊಂಡು ಆಕೆಯ ಗಂಡ ಪ್ರೆಸ್ಸಿಗೆ ಬಂದ.

“ಏನ್ರೀ ಇದು? ನಮ್ಮನೆ ಮಾನ ಬೀದಿಗ್ ತರ್ತೀರಾ? ತೆಗೀರಿ ಆ ಸಾಲು.”

“ಬರೆದೋರು ತೆಗಿ ಅಂದ್ರೆ ತೆಗೀತೀನಿ.”

“ಏಳನೇ ಕ್ಲಾಸ್ ಗಿರಾಕಿ, ನಿಂಗ್ಯಾಕೋ ಸಾಹಿತ್ಯ?”

“ಸಾಹಿತ್ಯ ಬಿಡಿ ಗುರು. ನಿಮ್ಮಮ್ಮಂಗೆ ಹುಣ್ಣಾಗಿರೋದು ಯಾವ ಕಾಲಲ್ಲಿ, ಹೇಳಿ ನೋಡೋಣ?”

ಅವನು ಕರಡನ್ನು ಮೇಜಿನ ಮೇಲೆ ಎಸೆದು ಹೋದ.

ಪ್ರೆಸ್ಸಿನ ಮಾಲೀಕರು ಗಾಬರಿಯಾದರು. “ಒಂದ್ ಸಾಲು ತಾನೇ, ಕಿತ್ತಾಕಯ್ಯ.”

“ಆ ಸಾಲು ಹೋದ್ರೆ ನಾನೂ ಹೋಗ್ತೀನಿ” ಅಂದೆ.

ಭಾನುವಾರ ಕರಡು ಹಿಡಿದು ಅಮೃತಹಳ್ಳಿಗೆ ಹೋಗಿ, ಆ ಸಾಲು ತೆಗೆಯಲೇ ಎಂದು ಆಕೆಯನ್ನೇ ಕೇಳಿದೆ. ಆಕೆ ಕರಡು ತೆಗೆದುಕೊಂಡು ಅತ್ತೆಯ ಮುಂದೆ ಕೂತು ಮೊದಲಿಂದ ಓದಿದರು. ಆ ಸಾಲನ್ನೂ ಬಿಡಲಿಲ್ಲ. ಗಂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಮುದುಕಿ ಸೂರು ನೋಡುತ್ತಲೇ ಹೇಳಿದರು: “ಅವತ್ತು ಗಂಜಿಗೆ ಉಪ್ಪೇ ಆಕಿರ್ಲಿಲ್ಲ ಕಣೇ. ಅದ್ನೂ ಬರಿ.”

ಅದನ್ನೂ ಸೇರಿಸಿ ಅಚ್ಚು ಹಾಕಿದೆ.

ಪತ್ರಿಕೆ ೧೯೮೮ರವರೆಗೆ ನಡೆಯಿತು. ಈಗ ನನ್ನ ಹತ್ತಿರ ಮೂವತ್ತೊಂದು ಸಂಚಿಕೆ ಇವೆ. ಮೊಳೆ ಜೋಡಿಸುವ ಕಬ್ಬಿಣದ ಸ್ಟಿಕ್ಕು ಒಂದು, ಸೈಕಲ್ ಒಂದು. ಆಕೆಯ ಕೈಬರಹದ ಹಾಳೆ ನಾಲ್ಕು. ಪದವಿ ಒಂದೂ ಇಲ್ಲ.