ಪಾರವ್ವನ ಮಗನ ಗುಡ್ಡ

ಕೊಲ್ಲಿ ದೇಶದ ಸೀಬ್ ಪಟ್ಟಣದ ತಮ್ಮ ಫ್ಲ್ಯಾಟಿನ ಮೆಟ್ಟಿಲ ಬಳಿ ನಿಂತು ಪುಟ್ಟಲಕ್ಷ್ಮಮ್ಮ ಮೈಸೂರಿನ ತಂಗಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು. ಮೊಸರಿನ ಡಬ್ಬಿ ಹಿಡಿದ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ನಿಂತಳು. ಮಾತು ಮುಗಿಯುವವರೆಗೂ ಕದಲಲಿಲ್ಲ.

"ಕನ್ನಡದವರೇನ್ರಿ ಅಕ್ಕಾರ? ನಮ್ಮ ಮನಿಯವ್ರು ತಿಂಗಳಗಟ್ಲೆ ಮರಳುಗಾಡಿನ್ಯಾಗ ಇರ್ತಾರ. ನಾ ಈ ಲಿಫ್ಟಿನ ಜೋಡಿ ಮಾತಾಡ್ಕೋತ ಇರ್ತೀನಿ."

"ಲಿಫ್ಟು ಏನನ್ನತ್ತೆ?"

"ಮ್ಯಾಲ ನಡಿ, ಕೆಳಗ ನಡಿ ಅಂತೈತ್ರಿ. ನಮ್ಮತ್ತಿ ಇದ್ದಂಗ."

ಅವಳು ಪಾರವ್ವ, ಬಾಗಲಕೋಟೆ ಕಡೆಯವಳು. ಗಂಡ ಬಸಯ್ಯ ಘಾಲಾದ ಕಂಪನಿಯೊಂದರಲ್ಲಿ ಸರ್ವೇಯರ್. ಒಬ್ಬನೇ ಮಗ ಆಕಾಶ ಸೈನ್ಯದಲ್ಲಿದ್ದ. ಹಿಂದಿನ ವರ್ಷ ಗಡಿಯಲ್ಲಿ ಗುಂಡು ತಗುಲಿ ಸತ್ತ. ಆ ದಿನ ಬಸಯ್ಯ ಸಲಾಲಾಕ್ಕೆ ಹೋಗುವ ದಾರಿಯಿಂದ ಮರಳುಗಾಡಿನ ಬಹಳ ಒಳಗೆ, ಹೆಸರಿಲ್ಲದ ಕರಿ ಗುಡ್ಡವೊಂದನ್ನು ಅಳೆಯುತ್ತಿದ್ದ. ಯಾವ ಕಾಲದಲ್ಲೋ ಬೆಂಕಿ ಉಗುಳಿ ಆರಿದ ಜ್ವಾಲಾಮುಖಿ ಅದು. ಅಲ್ಲಿ ಫೋನ್ ಸಿಗುವುದಿಲ್ಲ; ಸುದ್ದಿ ಮುಟ್ಟಲು ಎರಡು ದಿನ ಹಿಡಿಯಿತು. ಗಂಡನನ್ನು ಬಿಟ್ಟು ವಿಮಾನ ಹತ್ತಲಾರದೆ ಪಾರವ್ವ ಕಾದಳು. ಇಬ್ಬರೂ ಊರು ಸೇರುವಷ್ಟರಲ್ಲಿ ಮಗನನ್ನು ಮಣ್ಣು ಮಾಡಿ ಆಗಿತ್ತು. ಕುಣಿ ತೋಡಿದ ಮಣ್ಣಿನಲ್ಲಿ ಒಂದು ಹಿಡಿ ಹೆತ್ತವಳ ಕೈಯಿಂದ ಬೀಳಬೇಕು. ಅದು ಬೀಳಲಿಲ್ಲ.

ಬಸಯ್ಯನ ಜೊತೆಗಾರರೆಲ್ಲ ಸೇರಿ ತಮ್ಮ ನಕಾಶೆಯಲ್ಲಿ ಆ ಗುಡ್ಡಕ್ಕೆ 'ಜಬಲ್ ಆಕಾಶ್', ಅಂದರೆ ಆಕಾಶನ ಗುಡ್ಡ, ಎಂದು ಹೆಸರು ಬರೆದರು.

"ಊರಾಗ ಕುಣಿ ಮುಚ್ಚಿಬಿಟ್ಟಾರ," ಎನ್ನುತ್ತಿದ್ದಳು ಪಾರವ್ವ. "ಈ ಗುಡ್ಡದ ತುದಿಗೆ ಕುಣಿ ಹಂಗ ಬಾಯಿ ತೆರದೈತಂತ್ರಿ. ಅಲ್ಲೇ ಒಂದು ಹಿಡಿ ಮಣ್ಣ ಹಾಕ್ತೀನಿ."

ಬಸಯ್ಯನ ನೌಕರಿ ಮುಗಿಯಲು ಒಂದು ತಿಂಗಳಿದ್ದಾಗ ಪುಟ್ಟಲಕ್ಷ್ಮಮ್ಮನವರೂ ಸೇರಿ ಮೂವರು ಹೊರಟರು. ಗಾಡಿಯಲ್ಲಿ ಒಂಬತ್ತು ಗಂಟೆ. ಮರುದಿನ ಬೆಳಿಗ್ಗೆ ಗುಡ್ಡ. ಪುಟ್ಟಲಕ್ಷ್ಮಮ್ಮ ಹನ್ನೊಂದು ಸಲ ಕುಳಿತು ಎದ್ದು ತುದಿ ಮುಟ್ಟಿದರು.

ಪಾರವ್ವ ಆಗಲೇ ಮಂಡಿಯೂರಿ ಕಲ್ಲುಗಳ ಸಂದಿಯಲ್ಲಿ ಉಗುರಿನಿಂದ ಕೆರೆಯುತ್ತಿದ್ದಳು. ಎಲ್ಲೆಲ್ಲೂ ತೂತು ತೂತಾದ ಕರಿಕಲ್ಲು. ಹಿಡಿಯಷ್ಟೂ ಮಣ್ಣಿಲ್ಲ.

"ಎಲ್ಲಾ ಉರಿದ ಕಲ್ಲ ಐತಿ," ಎಂದ ಬಸಯ್ಯ. ಹದಿನೇಳು ದಿನ ಆ ಗುಡ್ಡವನ್ನು ಅಳೆದವನಿಗೆ ಇದು ಹೊಳೆದೇ ಇರಲಿಲ್ಲ. "ನಾ ಮೊದಲ ಹೇಳಬೇಕಿತ್ತು. ಕೆಳಗಿಂದ ತರ್ಲೇನು?"

"ಬ್ಯಾಡ. ಇಲ್ಲೀದ ಆಗಬೇಕು."

ಬಹಳ ಹೊತ್ತಿನ ಮೇಲೆ ಒಂದು ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಗುಡ್ಡದ ಬಾಯೊಳಕ್ಕೆ ಬಿಟ್ಟಳು. ಅದು ಬಂಡೆಯಿಂದ ಬಂಡೆಗೆ ತಾಕುತ್ತ ಇಳಿಯಿತು. ಆಳದವರೆಗೂ ಸಪ್ಪಳ ಕೇಳಿಸಿತು.

ಊರಿಗೆ ಹೊರಟ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಸಯ್ಯ ಎರಡು ಸಲ ಕರೆದ. ಪಾರವ್ವ ಪುಟ್ಟಲಕ್ಷ್ಮಮ್ಮನವರ ಕೈ ಬಿಡಲಿಲ್ಲ.

"ಅಕ್ಕಾರ, ಮಣ್ಣಾದ್ರ ಮೆತ್ತಗ ಬೀಳ್ತದ. ಆ ಕಲ್ಲು ಅವಗ ಬಡಿದಿರಬಹುದೇನ್ರಿ?"